ಕೂಲಿ ಬರೆಯದ ಪಟ್ಟಿ

ಆ ಊರಿನಲ್ಲಿ ನಲ್ಲಿ ರಿಪೇರಿ ಮಾಡುವವರು ಬೇಕಾದಷ್ಟು ಜನ ಇದ್ದರು, ಆದರೆ ಪ್ರೆಶರ್ ಮೇಸ್ತ್ರಿ ಒಬ್ಬನೇ ಇದ್ದ. ಈ ಹೆಸರಿಟ್ಟವರು ಅವನ ಜೊತೆ ಪೈಪು ಹೊತ್ತವರೇ. ಎದುರಿಗೆ ಬರೀ ಮೇಸ್ತ್ರಿ ಅನ್ನುತ್ತಿದ್ದರು, ಬೆನ್ನು ತಿರುಗಿಸಿದ ಮೇಲೆ ಪ್ರೆಶರ್ ಸೇರಿಸುತ್ತಿದ್ದರು. ಸಿಟ್ಟು ಬಂದರೆ ಅವನಿಗೆ ಮೊದಲು ಕಿವಿ ಕೆಂಪಗಾಗುತ್ತಿತ್ತು, ಆಮೇಲೆ ಕತ್ತು, ಕೊನೆಗೆ ಬಾಯಿ ತೆರೆಯುತ್ತಿತ್ತು. ಕಿವಿಯಿಂದ ಬಾಯಿಗೆ ಇಳಿಯುವಷ್ಟರಲ್ಲಿ ಯಾರಾದರೂ ಮಾತು ಬದಲಿಸಿದರೆ ಬಚಾವ್. ಇಲ್ಲದಿದ್ದರೆ ಮೂರು ಬೀದಿಗೆ ಕೇಳುತ್ತಿತ್ತು.

ಕೆಲಸದ ವಿಷಯದಲ್ಲಿ ಮಾತ್ರ ಅವನ ಕಡೆ ಬೆರಳು ತೋರಿಸಿದವರಿಲ್ಲ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ಮೂವತ್ತು ಚಿಲ್ಲರೆ ವರ್ಷ ಕಂಡವರ ಮನೆಯ ಗೋಡೆಗೆ ಕಿವಿ ಇಟ್ಟು, ನೀರು ಎಲ್ಲಿ ಸೋರುತ್ತಿದೆ ಎಂದು ಬೆರಳಿಟ್ಟು ತೋರಿಸಿದ್ದ. ಕೆಲಸ ಹಿಡಿಯುವ ಮುಂಚೆ ಪಟ್ಟಿ ಬರೆಯುವುದು ಅವನ ಪದ್ಧತಿ. ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿದ ಎಸ್ಟಿಮೇಟ್ ಪುಸ್ತಕ, ನಡುವೆ ಕಾರ್ಬನ್ ಹಾಳೆ. ಮೇಲ್ಗಡೆ ಅವನ ಫೋನ್ ನಂಬರು, ಕೆಳಗೆ ಮೂರು ಅಂಕಣ: ಕೆಲಸ, ಸಾಮಾನು, ಕೂಲಿ. ಮನೆಯಲ್ಲಿರುವ ಹುಳುಕನ್ನೆಲ್ಲ ಒಂದೂ ಬಿಡದೆ ಬರೆಯುತ್ತಿದ್ದ. ಮುಚ್ಚಿಟ್ಟು ಆಮೇಲೆ ಇನ್ನಷ್ಟು ಕೇಳುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಅಕ್ಷರ ಸೊಟ್ಟಗಿದ್ದರೂ ಲೆಕ್ಕ ನೆಟ್ಟಗಿರುತ್ತಿತ್ತು.

ಇಷ್ಟೆಲ್ಲ ಗೋಡೆಗಳನ್ನು ಬಲ್ಲವನಿಗೆ ಸ್ವಂತದ್ದು ಅಂತ ಒಂದು ಗೋಡೆ ಇರಲಿಲ್ಲ. ಮದುವೆಯಾದ ಇಪ್ಪತ್ತೇಳು ವರ್ಷದಲ್ಲಿ ಹನ್ನೊಂದು ಬಾಡಿಗೆ ಮನೆ ಆಗಿತ್ತು. ಅದರಲ್ಲಿ ಎಂಟನ್ನು ಬಿಡಿಸಿದ್ದು ಅವನ ಬಾಯಿ. ಹೆಂಡತಿ ಮನೆಯಲ್ಲೇ ಕೂತು ಶಾಲೆಯ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಿದ್ದಳು. ಪ್ರತಿ ಸಲ ಗಾಡಿಗೆ ಎಲ್ಲಕ್ಕಿಂತ ಕೊನೆಗೆ ಹತ್ತುತ್ತಿದ್ದದ್ದು, ಎಲ್ಲಕ್ಕಿಂತ ಮೊದಲು ಇಳಿಯುತ್ತಿದ್ದದ್ದು ಅವಳ ಹೊಲಿಗೆ ಮಿಷನ್ನು. ಮಗಳ ಮದುವೆಯಾಗಿ, ಅದಕ್ಕೆ ಮಾಡಿದ ಸಾಲ ತೀರಿ, ಇಬ್ಬರೇ ಉಳಿದ ಮೇಲೆ ಈ ಹನ್ನೊಂದನೆಯ ಮನೆ ಗಟ್ಟಿಯಾಗಬಹುದು ಎಂದುಕೊಂಡಿದ್ದಳು. ಅಷ್ಟರಲ್ಲಿ ಮೇಸ್ತ್ರಿ, ಮನೆ ಮಾಲೀಕನ ಹೊಸ ಅಳಿಯನ ಎದುರಿಗೇ, ನಿಮ್ಮ ಮಾವ ಈ ನೀರಿನ ಟ್ಯಾಂಕನ್ನು ಕಟ್ಟಿಸಿದ ದಿನದಿಂದ ತೊಳೆಸಿಲ್ಲ ಎಂದು ಹೇಳಿಬಿಟ್ಟ. ಮಾತು ಸುಳ್ಳಲ್ಲ. ಮಾಲೀಕ ಮೂರು ತಿಂಗಳು ಗಡುವು ಕೊಟ್ಟ.

ಆ ದಿನ ಹೆಂಡತಿ ಜಗಳವಾಡಲಿಲ್ಲ. ಕತ್ತರಿಯನ್ನು ಕೆಳಗಿಟ್ಟು ಒಂದೇ ಮಾತು ಹೇಳಿದಳು.

"ಹನ್ನೆರಡನೇದು ನಮ್ದೇ ಆಗ್ಲಿ ರೀ. ನೀವು ಎಷ್ಟು ಕೂಗಿದ್ರೂ ಖಾಲಿ ಮಾಡಿ ಅನ್ನೋರು ಇರಬಾರ್ದು."

ಕೂಡಿಟ್ಟದ್ದು, ಬ್ಯಾಂಕಿನವರು ಕೊಡುತ್ತೇವೆಂದದ್ದು ಎರಡೂ ಸೇರಿದರೆ ಒಂದು ಸಣ್ಣ ಹಳೆಯ ಮನೆಗೆ ಸಾಕಾಗುತ್ತಿತ್ತು. ಬ್ರೋಕರು ಆರು ಮನೆ ತೋರಿಸಿದ. ಆರನ್ನೂ ಮೇಸ್ತ್ರಿ ಬಾಗಿಲಲ್ಲೇ ನಿಂತು ಮೂಗಿನಲ್ಲಿ ಒಂದು ಸಲ ಗಾಳಿ ಎಳೆದು, ತೇವ ಎಂದು ವಾಪಸು ತಿರುಗಿದ. ನಿಮಗೆ ಮನೆ ಬೇಕೋ ಮರುಭೂಮಿ ಬೇಕೋ ಎಂದು ಬ್ರೋಕರು ಕೇಳಿದ. ಏಳನೆಯದು ಒಬ್ಬ ರಿಟೈರ್ ಆದ ನರ್ಸಮ್ಮನದು. ಮದುವೆ ಮಾಡಿಕೊಳ್ಳದೆ, ನೈಟ್ ಡ್ಯೂಟಿ ಮೇಲೆ ನೈಟ್ ಡ್ಯೂಟಿ ಮಾಡಿ, ಒಂದೊಂದೇ ಕೋಣೆ ಸೇರಿಸುತ್ತ ಕಟ್ಟಿಸಿದ ಮನೆ ಅದು. ಈಗ ಮೊಣಕಾಲು ನೋವು ಹತ್ತಿಕೊಂಡು, ಬೇರೆ ಊರಿನಲ್ಲಿರುವ ತಂಗಿಯ ಪಕ್ಕದ ಮನೆಗೆ ಹೋಗಲು ಹೊರಟಿದ್ದಳು.

ಬಾಗಿಲಲ್ಲಿ ಮೇಸ್ತ್ರಿ ಗಾಳಿ ಎಳೆದ. ಎರಡನೆಯ ಸಲ ಎಳೆದ. ಒಳಗೆ ಹೋದ. ಬ್ರೋಕರನ ಮುಖ ಅರಳಿತು.

ಒಳಗೆ ಇಬ್ಬರೂ ಎರಡು ದಾರಿ ಹಿಡಿದರು. ಮೇಸ್ತ್ರಿ ತನ್ನ ಅಭ್ಯಾಸದಂತೆ ನೀರಿನ ಹಿಂದೆ ಬಿದ್ದ. ನಲ್ಲಿ ತಿರುಗಿಸಿದ, ಸಿಂಕಿನ ಕೆಳಗೆ ತಲೆ ತೂರಿಸಿದ, ಬಚ್ಚಲಿನಲ್ಲಿ ಒಂದು ಚೊಂಬು ನೀರು ಚೆಲ್ಲಿ ಅದು ಎತ್ತ ಹೋಗುತ್ತದೆಂದು ಕುಕ್ಕರುಗಾಲಲ್ಲಿ ಕೂತು ನೋಡಿದ, ಏಣಿ ಹತ್ತಿ ಟ್ಯಾಂಕಿಗೆ ಇಣುಕಿದ. ಹೆಂಡತಿ ಹಿಂದಿನ ಕೋಣೆಗೆ ಹೋದವಳು ಅಲ್ಲೇ ಕಿಟಕಿಯ ಹತ್ತಿರ ನಿಂತುಬಿಟ್ಟಳು. ಕಿಟಕಿ ಕೋಣೆಯ ಎಡಗಡೆಗಿತ್ತು. ಅಲ್ಲಿ ಮಿಷನ್ ಹಾಕಿದರೆ ಸೂಜಿಯ ಮೇಲೆ ಕೈಯ ನೆರಳು ಬೀಳುವುದಿಲ್ಲ. ಇಪ್ಪತ್ತೇಳು ವರ್ಷ ಅವಳು ಬಲ್ಬಿನ ಕೆಳಗೆ, ಬಾಗಿಲ ಸಂದಿಯಲ್ಲಿ, ಮೆಟ್ಟಿಲ ಬುಡದಲ್ಲಿ ಕೂತು ಹೊಲಿದಿದ್ದಳು. ಮೇಸ್ತ್ರಿ ಎರಡು ಸಲ ಕರೆದ. ಅವಳಿಗೆ ಕೇಳಿಸಲಿಲ್ಲ.

ನರ್ಸಮ್ಮ ತನ್ನ ಬೆಲೆ ಹೇಳಿದಳು. ಮೇಸ್ತ್ರಿ ಬಾಯಿ ತೆರೆಯುವಷ್ಟರಲ್ಲಿ ಕೈ ಅಡ್ಡ ಮಾಡಿದಳು.

"ಬಾಯಿಮಾತು ಬೇಡ ಮೇಸ್ತ್ರಿ. ನಮ್ಮ ಆಸ್ಪತ್ರೇಲಿ ಬರೆದಿಲ್ಲ ಅಂದ್ರೆ ಆಗಿಲ್ಲ ಅಂತ ಲೆಕ್ಕ. ನೀವೆಷ್ಟು ಕೊಡ್ತೀರಿ, ಯಾಕೆ ಅಷ್ಟು, ಎರಡನ್ನೂ ಕಾಗದದಲ್ಲಿ ಬರೆದು ತನ್ನಿ. ಓದಿ ಹೇಳ್ತೀನಿ."

ದಾರಿಯಲ್ಲಿ ಹೆಂಡತಿ, ಮಗಳಿಗೆ ಫೋನ್ ಮಾಡಿ ಒಂದು ಪತ್ರ ಬರೆಸೋಣ, ಅವಳು ನಾಲ್ಕು ಒಳ್ಳೆಯ ಮಾತು ಸೇರಿಸಿ ಬರೆಯುತ್ತಾಳೆ ಎಂದಳು. ಮೇಸ್ತ್ರಿಯ ಕಿವಿ ಕೆಂಪಗಾಯಿತು. ಮೂವತ್ತು ವರ್ಷ ಬರೆದುಕೊಟ್ಟಿದ್ದೇನೆ, ನನಗೆ ಬರೆಯುವುದು ಹೇಳಿಕೊಡಬೇಡ ಎಂದ. ಮನೆಗೆ ಬಂದವನೇ ಎಸ್ಟಿಮೇಟ್ ಪುಸ್ತಕ ತೆಗೆದು, ಕಾರ್ಬನ್ ಇಟ್ಟು, ನೆಲದ ಮೇಲೆ ಬೋರಲಾಗಿ ಮಲಗಿ ಬರೆಯತೊಡಗಿದ. ಯಾಕೆ ಅಷ್ಟು ಎಂದು ನರ್ಸಮ್ಮನೇ ಕೇಳಿದ್ದಾಳೆ, ಆದ್ದರಿಂದ ಯಾಕೆ ಎನ್ನುವುದು ಪೂರ್ತಿ ಇರಬೇಕು. ಒಂದು, ಅಡುಗೆಮನೆ ನಲ್ಲಿ ವಾಷರ್ ಸತ್ತಿದೆ. ಎರಡು, ಸಿಂಕ್ ಪೈಪಿನ ತಿರುಪಿನ ಹಲ್ಲು ಸವೆದಿದೆ. ನಾಲ್ಕು, ಫ್ಲಶ್ ಟ್ಯಾಂಕು ಹರಿದದ್ದು ನಿಲ್ಲುವುದಿಲ್ಲ. ಏಳು, ಟ್ಯಾಂಕಿನಿಂದ ಇಳಿಯುವ ಪೈಪಿನ ಜಾಯಿಂಟಿಗೆ ಬ್ಯಾಂಡೇಜು ಸುತ್ತಿದೆ. ತಪ್ಪು. ಇವತ್ತೋ ನಾಳೆಯೋ ಬಿಡುತ್ತದೆ. ಹೀಗೆ ಹತ್ತೊಂಬತ್ತರವರೆಗೆ ಹೋಯಿತು. ಸಾಮಾನಿನ ಅಂಕಣವನ್ನು ಕೂಡಿ, ನರ್ಸಮ್ಮ ಹೇಳಿದ ಬೆಲೆಯಲ್ಲಿ ಕಳೆದು, ಉಳಿದದ್ದನ್ನು ಕೆಳಗೆ ಬರೆದು ಎರಡು ಗೆರೆ ಎಳೆದ. ಅವನ ಪಾಲಿಗೆ ಅದಕ್ಕಿಂತ ಮರ್ಯಾದಸ್ಥ ಕಾಗದ ಇನ್ನೊಂದಿರಲಿಲ್ಲ.

ಮರುದಿನ ಬೆಳಿಗ್ಗೆ ಒಬ್ಬನೇ ಹೋಗಿ ಕೊಟ್ಟ. ನರ್ಸಮ್ಮ ಕನ್ನಡಕ ಹಾಕಿಕೊಂಡು ಓದಿದಳು. ಮೂರನೆಯ ಸಾಲಿಗೆ ತುಟಿ ಬಿಗಿಯಾಯಿತು. ಏಳನೆಯ ಸಾಲಿನಲ್ಲಿ ಅವಳ ಕಣ್ಣು ಸ್ವಲ್ಪ ಹೊತ್ತು ನಿಂತಿತು. ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಎದ್ದು, ಬಾಗಿಲು ತೆಗೆದು, ಹೋಗಿ ಬನ್ನಿ ಎಂದಳು. ಮೇಸ್ತ್ರಿ ಕೆಲಸ ಆಯಿತೆಂದುಕೊಂಡು ಸಿಳ್ಳೆ ಹಾಕುತ್ತ ಬಂದ.

ಸಂಜೆ ಬ್ರೋಕರು ಫೋನ್ ಮಾಡಿದ. ಏನು ಬರೆದುಕೊಟ್ಟಿರಿ ಸ್ವಾಮಿ ಎಂದು ಅಳುವ ದನಿಯಲ್ಲಿ ಕೇಳಿದ. ನರ್ಸಮ್ಮ ಅವನನ್ನು ಹಿಡಿದು ಝಾಡಿಸಿದ್ದಳಂತೆ. ನನ್ನ ಮನೆ ಏನು ಹೆಣವಾ, ಪೋಸ್ಟ್ ಮಾರ್ಟಂ ಮಾಡಿ ವರದಿ ಕೊಡೋದಕ್ಕೆ ಅಂದಳಂತೆ. ಇನ್ನು ಮೇಲೆ ಆ ಮನುಷ್ಯನನ್ನು ನನ್ನ ಹೊಸಿಲ ಹತ್ತಿರ ಕರೆತರಬೇಡ ಅಂದಳಂತೆ.

ಮೇಸ್ತ್ರಿ ಕೂಗಾಡಿದ. ಒಂದಾದರೂ ಸುಳ್ಳು ಬರೆದಿದ್ದೇನೆಯೇ, ಬಂದು ತೋರಿಸಲಿ ಎಂದ. ಪೈಪಿಗೆ ಬ್ಯಾಂಡೇಜು ಸುತ್ತುವವಳಿಗೆ ಇಷ್ಟು ಜಂಭವೇ ಎಂದ. ಇಂಥ ಮನೆ ನೂರು ಸಿಗುತ್ತವೆ ಎಂದ. ಅವನ ಮಾತು ಮುಗಿಯುವವರೆಗೂ ಹೆಂಡತಿ ಬೆನ್ನು ಮಾಡಿಕೊಂಡು ಹೊಲಿಯುತ್ತಲೇ ಇದ್ದಳು. ಉಸಿರು ತಿರುಗಿಸಿಕೊಳ್ಳಲು ನಿಂತಾಗ ಮೇಸ್ತ್ರಿಯ ಕಣ್ಣಿಗೆ ಅದು ಬಿತ್ತು. ಮಿಷನ್ನಿನಲ್ಲಿ ದಾರ ಮುಗಿದು ಯಾವ ಕಾಲವೋ ಆಗಿತ್ತು. ಸೂಜಿ ಒಂದು ಪುಟ್ಟ ಅಂಗಿಯ ತೋಳಿನ ಮೇಲೆ ಬರಿದೇ ತೂತು ಮಾಡುತ್ತ ಹೋಗುತ್ತಿತ್ತು.

ಅವನು ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದ.

"ನೀವು ಬರೆದದ್ದು ಸುಳ್ಳಲ್ಲ," ಎಂದಳು ಅವಳು, ತಿರುಗದೆ. "ನಂಗೆ ಇಷ್ಟ ಆಗಿದ್ದು ಒಂದೂ ಅದ್ರಲ್ಲಿ ಇರ್ಲಿಲ್ಲ, ಅಷ್ಟೇ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು.  ದಾರದ ಉಂಡೆ ಹುಡುಕಿಕೊಟ್ಟು ಆಚೆ ಹೋಗಿ ಕೂತ. ಮೂರು ದಿನ ಅವನ ದನಿ ಯಾರಿಗೂ ಕೇಳಿಸಲಿಲ್ಲ. ಕೆಲಸದ ಜಾಗದಲ್ಲಿ ಯಾರೋ ಪೈಪಿನ ಹಲ್ಲಿಗೆ ಟೇಪು ಉಲ್ಟಾ ಸುತ್ತಿದ್ದನ್ನು ನೋಡಿಯೂ ಸುಮ್ಮನೆ ಬಿಚ್ಚಿ ಸರಿಯಾಗಿ ಸುತ್ತಿದ. ಜೊತೆಯವರು ಹೆದರಿ, ಮೇಸ್ತ್ರಿ, ಮೈ ಹುಷಾರಿಲ್ವಾ ಎಂದು ಕೇಳಿದರು. ಸಂಜೆ ಎರಡು ಸಲ ನರ್ಸಮ್ಮನ ಬೀದಿಯ ತುದಿಯವರೆಗೆ ನಡೆದುಹೋಗಿ ವಾಪಸು ಬಂದ. ತಪ್ಪಾಯಿತು ಎಂದು ಹೇಳಬೇಕು. ಆದರೆ ಹೇಗೆ ಹೇಳುವುದು? ಬರೆದದ್ದೆಲ್ಲ ನಿಜ. ನಿಜಕ್ಕೆ ತಪ್ಪಾಯಿತು ಎನ್ನುವುದನ್ನು ಅವನು ಯಾವತ್ತೂ ಮಾಡಿರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಅವನ ಫೋನು ರಿಂಗಾಯಿತು. ಹೆಣ್ಣು ದನಿ, ಹಿಂದೆ ಧೋ ಎನ್ನುವ ಸದ್ದು.

"ಮೇಸ್ತ್ರಿ, ಕಾಗದದ ಮೇಲಿದ್ದ ನಂಬರ್ ನೋಡಿ ಮಾಡ್ತಿದ್ದೀನಿ. ನಿಮ್ಮ ಏಳನೇದು ಶುರುವಾಯ್ತು."

ಮೇಸ್ತ್ರಿ ಚೀಲ ಹೆಗಲಿಗೇರಿಸಿದ. ಹೆಂಡತಿ ಬರಬೇಕಾದ ಕೆಲಸವೇನೂ ಅಲ್ಲಿರಲಿಲ್ಲ. ಆದರೂ ಅವಳು ಆಗಲೇ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಅಲ್ಲಿ ನೀರು ಅಂಗಳ ದಾಟಿ ಬೀದಿಗೆ ಇಳಿದಿತ್ತು. ಹಿಂಬದಿಯಲ್ಲಿ ನರ್ಸಮ್ಮ ಆ ನೋಯುವ ಮೊಣಕಾಲಿನಲ್ಲೇ ಒಂದು ಕುರ್ಚಿಯ ಮೇಲೆ ನಿಂತು, ಪೈಪನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ರಕ್ತ ನಿಲ್ಲಿಸಲು ಒತ್ತಿ ಹಿಡಿದಂತಿತ್ತು. ಮೇಸ್ತ್ರಿ ಮೇಲೆ ಹತ್ತಿ ವಾಲ್ವ್ ಮುಚ್ಚಿದ. ಹೆಂಡತಿ ನರ್ಸಮ್ಮನ ಸೊಂಟ ಹಿಡಿದು ಕುರ್ಚಿಯಿಂದ ಇಳಿಸಿ, ಒಳಗೆ ಕರೆದುಕೊಂಡು ಹೋಗಿ ತಲೆ ಒರೆಸಿದಳು.

ಒದ್ದೆ ಬ್ಯಾಂಡೇಜನ್ನು ಬಿಚ್ಚುವಾಗ ಮೇಸ್ತ್ರಿಯ ಕೈ ನಿಧಾನವಾಯಿತು. ಅವನು ಎಷ್ಟೋ ಮನೆಗಳಲ್ಲಿ ಗೋಣಿ, ಸೈಕಲ್ ಟ್ಯೂಬು, ಹರಕು ಬನಿಯನ್ನು ಸುತ್ತಿದ ಜಾಯಿಂಟುಗಳನ್ನು ನೋಡಿದ್ದ. ಇದು ಹಾಗಿರಲಿಲ್ಲ. ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧದ ಮೇಲೆ ಕೂತಿತ್ತು, ಎಲ್ಲೂ ಸುಕ್ಕಿಲ್ಲ, ತುದಿಯನ್ನು ಸೀಳಿ ಎರಡು ಎಳೆ ಮಾಡಿ ಗಂಟು ಹಾಕಿತ್ತು. ತಪ್ಪು ಜಾಗದಲ್ಲಿ ಮಾಡಿದ ಸರಿಯಾದ ಕೆಲಸ ಅದು. ಅವನು ಬಿಚ್ಚಿದ್ದನ್ನು ಎಸೆಯದೆ ಹಿಂಡಿ ಗೋಡೆಯ ಮೇಲೆ ಹಾಕಿದ. ಕೊಳೆತ ತುಂಡನ್ನು ಕತ್ತರಿಸಿ, ಚೀಲದಲ್ಲಿದ್ದ, ಎರಡು ತುದಿ ಕೂಡಿಸುವ ಹೊಸ ಸಾಕೆಟ್ಟು ಕೂರಿಸಿ, ನೀರು ಬಿಟ್ಟು, ಕೈಯಲ್ಲಿ ಸವರಿ ನೋಡಿದ. ಕೈಗೆ ಒಂದು ಹನಿಯೂ ಅಂಟಲಿಲ್ಲ.

ಒಳಗೆ ಬಂದಾಗ ನರ್ಸಮ್ಮ ಮೇಜಿನ ಎದುರು ಕೂತಿದ್ದಳು. ಅವನು ಬರೆದುಕೊಟ್ಟ ಕಾಗದ ಬಿಚ್ಚಿಕೊಂಡು ಅವಳ ಮುಂದಿತ್ತು. ಎಷ್ಟಾಯಿತು ಎಂದು ಕೇಳಿದಳು. ಮೇಸ್ತ್ರಿ ಸಾಕೆಟ್ಟಿನದು, ಅಂಟಿನದು ಹೇಳಿದ. ಅವಳು ಎಣಿಸಿ ಕೊಟ್ಟಳು.

"ಕೂಲಿ?"

ಬೇಡ ಎಂದು ಮೇಸ್ತ್ರಿ ತಲೆಯಾಡಿಸಿದ.

ನರ್ಸಮ್ಮ ಕನ್ನಡಕದ ಮೇಲಿಂದ ನೋಡಿದಳು. "ಇಲ್ಲೂ ಹಾಕಿಲ್ಲ ನೀವು. ಮೂರು ದಿನದಿಂದ ಇದನ್ನ ಓದ್ತಾ ಇದ್ದೀನಿ. ಮೊದಲನೇ ದಿನ ಸಿಟ್ಟಲ್ಲಿ ಓದಿದೆ. ಎರಡನೇ ದಿನ ಕೂಲಿ ಅನ್ನೋ ಅಂಕಣ ಉದ್ದಕ್ಕೂ ಖಾಲಿ ಇರೋದು ಕಾಣಿಸ್ತು. ಹತ್ತೊಂಬತ್ತು ಕೆಲಸ, ಒಂದಕ್ಕೂ ಕೂಲಿ ಇಲ್ಲ. ಅದನ್ನೂ ಸೇರಿಸಿದ್ರೆ ಇನ್ನೂ ಎಷ್ಟೋ ಕಡಿಮೆ ಕೇಳಬಹುದಿತ್ತಲ್ಲ ನೀವು. ಮರೆತ್ರಾ?"

"ಮರೆಯೋದು ಯಾಕೆ," ಎಂದ ಮೇಸ್ತ್ರಿ. "ನಮ್ಮನೆ ಕೆಲಸಕ್ಕೆ ಕೂಲಿ ಯಾರು ಹಾಕ್ತಾರೆ?"

ಮಾತು ಬಾಯಿಂದ ಹೊರಗೆ ಬಿದ್ದ ಮೇಲೆ ಅದು ಏನೆಂದು ಅವನಿಗೇ ಕೇಳಿಸಿತು. ಹೆಂಡತಿ ಕೈಯಲ್ಲಿದ್ದ ಟವೆಲನ್ನು ಮಡಿಸುವುದನ್ನು ನಿಲ್ಲಿಸಿದಳು. ಬರೆಯುವಾಗ ಅವನು ಯೋಚಿಸಿರಲೇ ಇಲ್ಲ. ಕೈ ತಾನಾಗಿ ಆ ಅಂಕಣವನ್ನು ಬಿಟ್ಟು ಮುಂದಿನ ಸಾಲಿಗೆ ಹೋಗಿತ್ತು.

ನರ್ಸಮ್ಮ ಕಾಗದವನ್ನು ಅಂಗೈಯಲ್ಲಿ ಸವರಿದಳು. "ಸರಿ, ಅದಿರ್ಲಿ. ಹತ್ತೊಂಬತ್ತು ಕಾಯಿಲೆ ಇರೋ ಕೆಟ್ಟ ಮನೆ ಯಾಕೆ ಬೇಕು ನಿಮಗೆ?"

ಮೇಸ್ತ್ರಿಯ ಕಿವಿ ಕೆಂಪಗಾಯಿತು. ಹೆಂಡತಿ ನೋಡಿದಳು. ಮಾತು ಬದಲಿಸಲು ಬಾಯಿ ತೆರೆದಳು, ಆಗಲೇ ಕತ್ತಿನವರೆಗೆ ಏರಿಬಿಟ್ಟಿತ್ತು.

"ಕೆಟ್ಟ ಮನೆ ಅಂತ ಯಾರಮ್ಮ ಅಂದ್ರು ನಿಮಗೆ? ಎಲ್ಲಿ ಬರೆದಿದ್ದೀನಿ, ತೋರಿಸಿ. ವಾಷರ್ ಸತ್ರೆ ಮನೆ ಸಾಯುತ್ತಾ? ಸಾವಿರ ಮನೆ ನೋಡಿದ್ದೀನಿ ನಾನು. ಮಾರ್ಬಲ್ ಹಾಕಿಸಿರ್ತಾರೆ, ಬಚ್ಚಲಲ್ಲಿ ನೀರು ಕೆರೆ ಥರ ನಿಂತಿರುತ್ತೆ. ನಿಮ್ಮ ಬಚ್ಚಲಲ್ಲಿ ಒಂದು ಚೊಂಬು ಚೆಲ್ಲಿ ನೋಡ್ದೆ, ಪೊರಕೆ ಮುಟ್ಟೋ ಹಾಗಿಲ್ಲ, ಕೊನೆ ತೊಟ್ಟೂ ತಾನೇ ಹೋಗಿ ಮೋರಿಗೆ ಬೀಳುತ್ತೆ. ಅಡುಗೆಮನೆ ನಲ್ಲಿ ಎಷ್ಟು ಎತ್ತರಕ್ಕಿದೆ, ದೊಡ್ಡ ಪಾತ್ರೆ ಇಟ್ರೂ ಬಗ್ಗಬೇಕಾಗಿಲ್ಲ. ಯಾರಿಗಾದ್ರೂ ಬೆನ್ನು ನೋವು ಬರುತ್ತೆ ಅಂತ ಯೋಚ್ನೆ ಮಾಡಿ ಹಾಕಿದ್ದು ಅದು. ಇವಳು ಆ ಹಿಂದಿನ ಕೋಣೇಲಿ ಕಿಟಕಿ ಹತ್ರ ನಿಂತಿದ್ಲಲ್ಲ, ಎರಡು ಸಲ ಕರೆದೆ, ಕೇಳಿಸ್ಲಿಲ್ಲ ಇವಳಿಗೆ. ಇಪ್ಪತ್ತೇಳು ವರ್ಷದಲ್ಲಿ ನನ್ನ ದನಿ ಕೇಳಿಸ್ಲಿಲ್ಲ ಅನ್ನೋದು ಅದೇ ಮೊದಲು. ಅದನ್ನ ಯಾವ ಅಂಕಣದಲ್ಲಿ ಬರೀಲಿ ನಾನು?"

ಇಷ್ಟನ್ನೂ ಬೈಗುಳದ ದನಿಯಲ್ಲೇ ಹೇಳಿದ. ಬೀದಿಯಲ್ಲಿ ಹೋಗುತ್ತಿದ್ದವರು ಯಾರೋ ಜಗಳವೆಂದು ನಿಂತು ನೋಡಿದರು. ಹೆಂಡತಿ ಟವೆಲಿನಲ್ಲಿ ಮುಖ ಮುಚ್ಚಿಕೊಂಡಳು. ಕೊಳ್ಳಲು ಬಂದ ಮಾಲನ್ನು ಹೀಗೆ ಹೊಗಳಿ ಚೌಕಾಸಿ ಮಾಡಿದವರನ್ನು ಅವಳು ಕಂಡಿರಲಿಲ್ಲ. ಎಲ್ಲ ಮುಗಿಯಿತು, ಇನ್ನು ಈಕೆ ಬೆಲೆ ಏರಿಸುವುದೊಂದೇ ಬಾಕಿ ಎಂದುಕೊಂಡಳು.

ನರ್ಸಮ್ಮ ಬಚ್ಚಲಿನ ಕತೆ ಹೇಳಿದಳು. ಗಾರೆಯವನು ಮೊದಲ ಸಲ ಮಾಡಿದಾಗ ನೀರು ನಿಂತಿತಂತೆ, ಒಡೆಸಿದಳು. ಎರಡನೆಯ ಸಲವೂ ನಿಂತಿತು, ಒಡೆಸಿದಳು. ಮೂರನೆಯ ಸಲ, ನೈಟ್ ಡ್ಯೂಟಿ ಮುಗಿಸಿ ಬಂದು, ಯೂನಿಫಾರ್ಮಿನಲ್ಲೇ ಅವನ ಪಕ್ಕ ಕೂತು ಬಕೆಟ್ಟು ಬಕೆಟ್ಟು ನೀರು ಸುರಿದು ನೋಡಿ ಒಪ್ಪಿದಳಂತೆ. ಇಷ್ಟು ವರ್ಷದಲ್ಲಿ ಮನೆಗೆ ಬಂದವರು ಪರದೆ ಚೆನ್ನಾಗಿದೆ ಅಂದಿದ್ದರು, ಬಾಗಿಲ ಬಣ್ಣ ಚೆನ್ನಾಗಿದೆ ಅಂದಿದ್ದರು. ಬಚ್ಚಲು ನೋಡಿ ಹೇಳಿದವರು ಒಬ್ಬರೂ ಇರಲಿಲ್ಲ.

"ಬ್ಯಾಂಡೇಜು ಹಾಗೆ ಕಟ್ಟೋಕೆ ನಂಗೆ ಬರಲ್ಲ ಅಮ್ಮ," ಎಂದ ಮೇಸ್ತ್ರಿ. ದನಿ ಇಳಿದಿತ್ತು. "ತಪ್ಪು ಅಂತ ಬರೆದೆನಲ್ಲ, ಆ ಒಂದು ಮಾತು ಹೊಡೆದು ಹಾಕಿ."

ಇಷ್ಟು ವರ್ಷದ ಸಂಸಾರದಲ್ಲಿ ಗಂಡ ಬರೆದದ್ದನ್ನು ತಾನೇ ವಾಪಸು ತೆಗೆದುಕೊಂಡದ್ದನ್ನು ಹೆಂಡತಿ ನೋಡಿದ್ದು ಆವತ್ತೇ. ಅವಳು ಮುಖದಿಂದ ಟವೆಲು ತೆಗೆದಳು.

ನರ್ಸಮ್ಮ ಪೆನ್ನು ತೆಗೆದು ಒಂದು ಮಾತನ್ನಲ್ಲ, ಏಳನೆಯ ಸಾಲನ್ನೇ ಪೂರ್ತಿಯಾಗಿ ಹೊಡೆದು ಹಾಕಿದಳು. ಆ ರಿಪೇರಿ ಈಗ ಮುಗಿಯಿತು, ಸಾಮಾನಿನ ದುಡ್ಡನ್ನು ನಾನು ಕೊಟ್ಟಿದ್ದೇನೆ, ಆದ್ದರಿಂದ ಅಷ್ಟು ಬೆಲೆಗೆ ವಾಪಸು ಸೇರಬೇಕು ಎಂದಳು. ಮೇಸ್ತ್ರಿ ಏನೋ ಹೇಳಲು ಹೊರಟ. ಹೆಂಡತಿ ಅವನ ಮಣಿಕಟ್ಟು ಹಿಡಿದಳು, ಅವನು ನುಂಗಿಕೊಂಡ. ಉಳಿದ ಹದಿನೆಂಟು ಹಾಗೇ ಇರಲಿ ಎಂದು ನರ್ಸಮ್ಮ ಕೆಳಗೆ ಹೊಸ ಮೊತ್ತ ಬರೆದಳು. ಅದರ ಪಕ್ಕದಲ್ಲಿ ಒಪ್ಪಿದ್ದೇನೆ ಎಂದು ಬರೆದು, ಸಹಿ ಹಾಕಿ, ತಾರೀಖು ಹಾಕಿ, ಗೋಡೆಯ ಗಡಿಯಾರ ನೋಡಿ ಗಂಟೆ ನಿಮಿಷವನ್ನೂ ಹಾಕಿದಳು. ಕಾಗದವನ್ನು ಮೇಸ್ತ್ರಿಯ ಕೈಗೆ ಕೊಡಲಿಲ್ಲ, ಅವನ ಹೆಂಡತಿಯ ಕೈಗೆ ಕೊಟ್ಟಳು.

ಮಿಕ್ಕ ಮಾತುಗಳು ಬೇಗ ಮುಗಿದವು. ಬ್ಯಾಂಕಿನ ಕಾಗದ ಆಗಲು ಒಂದು ತಿಂಗಳು ಬೇಕು, ನರ್ಸಮ್ಮನಿಗೆ ಸಾಮಾನು ಕಟ್ಟಲೂ ಅಷ್ಟು ಬೇಕು. ಸಾಮಾನು ಕಟ್ಟುವ ದಿನ ನಾನು ಬರುತ್ತೇನೆ ಎಂದು ಹೆಂಡತಿ ಹೇಳಿದಳು. ಮೇಸ್ತ್ರಿ ಚೀಲ ಎತ್ತಿಕೊಂಡು ಮೊದಲು ಹೊರಗೆ ಬಂದ. ಎಲ್ಲಿ ನಿಲ್ಲಬೇಕೆಂದು ತಿಳಿಯದೆ, ಮೆಟ್ಟಿಲ ಮೇಲೆ ನಿಂತ.

"ತಂಗಿ, ಇಪ್ಪತ್ತನೇದು ನಿನ್ನ ಗಂಡ ಬರೆದಿಲ್ಲ," ಎಂದು ನರ್ಸಮ್ಮ ಒಳಗೆ ಅವನ ಹೆಂಡತಿಗೆ ಹೇಳುವುದು ಕೇಳಿಸಿತು. "ಈ ಬಾಗಿಲ ಚಿಲಕ. ನೀರಿನ ಕೆಲಸ ಅಲ್ಲ ನೋಡು, ಅದಕ್ಕೆ ಅವರ ಕಣ್ಣಿಗೆ ಬಿದ್ದಿಲ್ಲ. ಮೊದಲು ಬಾಗಿಲನ್ನ ಸ್ವಲ್ಪ ಎತ್ತಬೇಕು, ಆಮೇಲೆ ನಿನ್ನ ಕಡೆ ಎಳೀಬೇಕು, ಆಮೇಲೆ ಜಾರಿಸಬೇಕು. ಮಾಡು ನೋಡೋಣ."

ಬಾಗಿಲು ಅವನ ಎದುರೇ ಮುಚ್ಚಿಕೊಂಡಿತು. ಚಿಲಕ ಒಂದು ಸಲ ಅರ್ಧಕ್ಕೆ ಸಿಕ್ಕಿಕೊಂಡಿತು. ಇನ್ನೊಂದು ಸಲ ಸಿಕ್ಕಿಕೊಂಡಿತು. ಒಳಗೆ ಹೆಂಗಸರಿಬ್ಬರೂ ನಕ್ಕರು. ಮೂರನೆಯ ಸಲ ಸರ್ರನೆ ಜಾರಿ ಟಕ್ಕೆಂದು ಕೂತಿತು. ಆಮೇಲೆ ಯಾವ ಸದ್ದೂ ಇಲ್ಲ. ಮೇಸ್ತ್ರಿ ಕಾದ. ಯಾರೂ ತೆಗೆಯಲಿಲ್ಲ. ಕೊನೆಗೆ ಬೆರಳ ಗೆಣ್ಣಿನಿಂದ ಮೆಲ್ಲಗೆ ಬಡಿದ.

"ಯಾರದು?" ಒಳಗಿನಿಂದ ಹೆಂಡತಿಯ ದನಿ. ಅದು ಅವನು ಈವರೆಗೆ ಕೇಳಿದ ದನಿಯೇ ಅಲ್ಲ. ತನ್ನದೇ ಮನೆಯ ಬಾಗಿಲ ಹಿಂದೆ ತನ್ನ ಪಾಡಿಗೆ ತಾನು ಇದ್ದವಳನ್ನು ಯಾರೋ ಹೊರಗಿನವರು ಬಂದು ಕರೆದಂತಿತ್ತು.

ಮೇಸ್ತ್ರಿ ಚೀಲವನ್ನು ಕೆಳಗಿಟ್ಟು, ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ.

"ನಾನು ಕಣೇ," ಎಂದ, ಪಕ್ಕದ ಮನೆಯವರಿಗೂ ಕೇಳಿಸದಷ್ಟು ಸಣ್ಣ ದನಿಯಲ್ಲಿ.